ಗಾರೆ ಕೆಲಸದವನಿಗೆ ಹತ್ತು ಸಾವಿರದ ಶ್ಯೂರಿಟಿ: 1978ರ ಮೋತಿರಾಮ್ ಪ್ರಕರಣ

ಜಾಮೀನಿನ ಮೊತ್ತವನ್ನು ಆರೋಪಿಯ ಜೇಬು ನೋಡಿ ಹೇಳಬೇಕಾ, ಇಲ್ಲಾ ಅಪರಾಧ ನೋಡಿ ಎಲ್ಲರಿಗೂ ಒಂದೇ ಹೇಳಬೇಕಾ ಅನ್ನುವ ಮಾತು ಬಂದಾಗಲೆಲ್ಲ ನಮ್ಮ ದೇಶದಲ್ಲಿ ಒಂದು ಹಳೆಯ ಪ್ರಕರಣದ ಹೆಸರು ಬರುತ್ತದೆ. ಮೋತಿರಾಮ್ ಮತ್ತು ಮಧ್ಯಪ್ರದೇಶ ಸರ್ಕಾರದ ನಡುವಿನ ಪ್ರಕರಣ. ಸುಪ್ರೀಂ ಕೋರ್ಟ್ 1978ರ ಆಗಸ್ಟ್ 24ರಂದು ಕೊಟ್ಟ ತೀರ್ಪು. ಗಾರೆ ಕೆಲಸದವನನ್ನೂ ಕೋಟ್ಯಧೀಶನನ್ನೂ ಒಂದೇ ರೀತಿ ನೋಡಿದರೆ ಅನ್ಯಾಯ ಆಗಿಯೇ ಆಗುತ್ತದೆ ಅನ್ನುವ ಅದರ ಮಾತನ್ನು ವಕೀಲರು ಇವತ್ತಿಗೂ ಎತ್ತಿ ಹೇಳುತ್ತಾರೆ. ಆದರೆ ಅಲ್ಲಿ ನಿಜವಾಗಿ ಏನೇನಾಯಿತು ಅಂತ ಕೂತು ನೋಡಿದರೆ ಆ ಒಂದು ಮಾತಿಗಿಂತ ದೊಡ್ಡ ವಿಷಯ ಸಿಗುತ್ತದೆ. ಮೊತ್ತ ಜಾಸ್ತಿ ಆಗಿದ್ದು ಅಲ್ಲಿನ ಅರ್ಧ ತೊಂದರೆ. ಇನ್ನರ್ಧ ನಮ್ಮ ಕೋರ್ಟ್‌ಗಳಲ್ಲಿ ಇನ್ನೂ ಹಾಗೇ ಉಳಿದಿದೆ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ನಡೆದದ್ದು ಇಷ್ಟು

ಮೋತಿರಾಮ್ ಮಧ್ಯಪ್ರದೇಶದ ಬಡ ಗಾರೆ ಕೆಲಸದವರು. ಜೈಲಿನಲ್ಲಿದ್ದರು. ಸುಪ್ರೀಂ ಕೋರ್ಟ್ ತನಕ ಹೋಗಿ ಜಾಮೀನು ಪಡೆದರು. ಆ ಆದೇಶದಲ್ಲಿ ಮೊತ್ತ ಎಷ್ಟು, ಶ್ಯೂರಿಟಿ, ಅಂದರೆ ಆರೋಪಿಯ ಪರವಾಗಿ ಹೊಣೆ ನಿಲ್ಲುವವರು, ಎಷ್ಟು ಜನ ಅಂತ ಏನೂ ಬರೆದಿರಲಿಲ್ಲ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ತೃಪ್ತಿ ಆಗುವ ಹಾಗೆ ಜಾಮೀನು ಒದಗಿಸಲಿ ಅಂತ ಮಾತ್ರ ಇತ್ತು. ಕೋರ್ಟ್‌ಗಳು ದಿನಾ ಬಳಸುವ ಸಾಲೇ ಅದು, ಹೊಸದೇನಲ್ಲ.

ಆದೇಶ ಕೆಳಗಿನ ಕೋರ್ಟಿಗೆ ಬಂತು. ಮ್ಯಾಜಿಸ್ಟ್ರೇಟ್ ಹತ್ತು ಸಾವಿರ ರೂಪಾಯಿಗೆ ಶ್ಯೂರಿಟಿ ಕೊಡಿ ಅಂದರು. 1978ರ ಹತ್ತು ಸಾವಿರ. ದಿನಕ್ಕೆ ಹತ್ತು ರೂಪಾಯಿ ಕೂಲಿ ಅಂತಲೇ ಲೆಕ್ಕ ಹಾಕಿ, ಊಟ ತಿಂಡಿಗೆ ಒಂದು ಪೈಸೆ ಖರ್ಚು ಮಾಡದೆ ಸಾವಿರ ದಿನ ದುಡಿದರೆ ಆಗುವ ದುಡ್ಡು. ಅಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ, ಅಷ್ಟು ಆಸ್ತಿ ಇರುವವರ ಗುರುತೂ ಇರಲಿಲ್ಲ. ತಮ್ಮ ಕಡೆಯಿಂದ ಸಹೋದರನನ್ನೇ ಶ್ಯೂರಿಟಿಗೆ ಮುಂದೆ ಮಾಡಿದರು. ಮ್ಯಾಜಿಸ್ಟ್ರೇಟ್ ಆ ಶ್ಯೂರಿಟಿ ಒಪ್ಪಲಿಲ್ಲ. ಕಾರಣ ಏನು ಗೊತ್ತಾ? ಆ ಸಹೋದರ ಇದ್ದದ್ದು ಬೇರೆ ಜಿಲ್ಲೆಯಲ್ಲಿ, ಅವರ ಆಸ್ತಿಯೂ ಬೇರೆ ಜಿಲ್ಲೆಯಲ್ಲಿ.

ಅಂದರೆ ದೇಶದ ಅತಿ ದೊಡ್ಡ ಕೋರ್ಟ್ ಬಿಡುಗಡೆ ಮಾಡಿ ಅಂದಮೇಲೂ ಮನುಷ್ಯ ಒಳಗೇ ಇದ್ದರು. ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಈ ಸಲ ಕೇಳಿದ್ದು ಇಷ್ಟೇ: ಶ್ಯೂರಿಟಿಯನ್ನು ಎರಡು ಸಾವಿರಕ್ಕೆ ಇಳಿಸಿ, ಇಲ್ಲವಾದರೆ ಸ್ವಂತ ಮುಚ್ಚಳಿಕೆ (ಬೇರೆಯವರ ಹೊಣೆ ಇಲ್ಲದೆ ಆರೋಪಿಯೇ ಬರೆದುಕೊಡುವ ಬಾಂಡ್) ಬರೆಸಿಕೊಂಡು ಬಿಡಿ, ಅಥವಾ ನಿಮಗೆ ಸರಿ ಕಂಡ ಆದೇಶ ಕೊಡಿ.

ಪೀಠದಲ್ಲಿದ್ದವರು ವಿ.ಆರ್. ಕೃಷ್ಣ ಅಯ್ಯರ್ ಮತ್ತು ಡಿ.ಎ. ದೇಸಾಯಿ. ತೀರ್ಪು ಬರೆದದ್ದು ಕೃಷ್ಣ ಅಯ್ಯರ್. 1957ರಲ್ಲಿ ಕೇರಳದ ಇ.ಎಂ.ಎಸ್. ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ಕಾನೂನಿನ ಜೊತೆ ಕಾರಾಗೃಹ ಖಾತೆಯನ್ನೂ ನೋಡಿಕೊಂಡವರು ಅವರು. ಜೈಲಿನ ಒಳಗೆ ಯಾರಿರುತ್ತಾರೆ, ಯಾಕಿರುತ್ತಾರೆ ಅನ್ನೋದು ಅವರಿಗೆ ಪುಸ್ತಕದಿಂದ ಕಲಿತ ವಿಷಯ ಆಗಿರಲಿಲ್ಲ. ಅವರ ಇಂಗ್ಲಿಷ್ ಓದೋದು ಒಂದು ಸಾಹಸ, ಅದು ಬೇರೆ ಮಾತು.

ಮುಂದೆ ಹೋಗುವ ಮುಂಚೆ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನಮ್ಮಲ್ಲಿ ಬಹಳ ಜನ 'ಹತ್ತು ಸಾವಿರ ಜಾಮೀನು' ಅಂದರೆ ಹತ್ತು ಸಾವಿರ ಕಟ್ಟಬೇಕು ಅಂತಲೇ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಿಲ್ಲ. ಆ ದಿನ ಯಾರೂ ದುಡ್ಡು ಕಟ್ಟಬೇಕಾಗಿಲ್ಲ. 'ಇವನು ಕೋರ್ಟಿಗೆ ಬರದೆ ತಲೆಮರೆಸಿಕೊಂಡರೆ ಇಷ್ಟು ದುಡ್ಡು ನಾನು ಕೊಡುತ್ತೇನೆ' ಅಂತ ಇನ್ನೊಬ್ಬರು ಬರೆದುಕೊಡಬೇಕು, ಮತ್ತು ಕೊಡುವ ಶಕ್ತಿ ತನಗಿದೆ ಅಂತ ತೋರಿಸಬೇಕು. ಆರೋಪಿ ಸರಿಯಾಗಿ ಬಂದರೆ ಒಂದು ರೂಪಾಯಿಯೂ ಹೋಗುವುದಿಲ್ಲ. ಕೇಳೋಕೆ ಹಗುರ ಅನ್ನಿಸುತ್ತದೆ, ಅಲ್ವಾ? ಕಷ್ಟ ಇರೋದು ಆ 'ಇನ್ನೊಬ್ಬರು' ಅನ್ನುವ ಜಾಗದಲ್ಲೇ.

ಶ್ಯೂರಿಟಿ ಕೊಡುವ ದಿನ

ನಮ್ಮ ಕರ್ನಾಟಕದ ಯಾವುದೇ ತಾಲ್ಲೂಕು ಕೋರ್ಟಿಗೆ ಹೋಗಿ ನೋಡಿ. ಜಾಮೀನು ಆದೇಶದಲ್ಲಿ ಇಷ್ಟು ಸಾವಿರದ ವೈಯಕ್ತಿಕ ಬಾಂಡ್, ಅಂದರೆ ಸ್ವಂತ ಮುಚ್ಚಳಿಕೆ, ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಅಥವಾ ಇಬ್ಬರು ಶ್ಯೂರಿಟಿ ಅಂತ ಇರುತ್ತದೆ. ಮನೆಯವರು ಅದನ್ನು ಕೇಳಿ ಖುಷಿಯಾಗಿ ಹೊರಗೆ ಬರುತ್ತಾರೆ. ಸಾಯಂಕಾಲ ಮಗ ಮನೆಗೆ ಬರುತ್ತಾನೆ ಅಂದುಕೊಳ್ಳುತ್ತಾರೆ. ಆಮೇಲೆ ಶುರುವಾಗುತ್ತದೆ ಓಡಾಟ. ಶ್ಯೂರಿಟಿ ಹಾಕುವವರ ಹೆಸರಿನಲ್ಲೇ ಪಹಣಿ ಇರಬೇಕು. ಅಪ್ಪನ ಹೆಸರಿನಲ್ಲಿ ಇದ್ದು ಇನ್ನೂ ಖಾತೆ ಬದಲಾಗಿಲ್ಲ ಅಂದರೆ ನಡೆಯುವುದಿಲ್ಲ. ಆಧಾರ್ ಬೇಕು, ಫೋಟೋ ಬೇಕು, ಪ್ರಮಾಣಪತ್ರ ಬೇಕು, ಜಮೀನಿನ ಬೆಲೆ ಎಷ್ಟು ಅನ್ನುವುದಕ್ಕೆ ಕಾಗದ ಬೇಕು. ಅಷ್ಟೆಲ್ಲ ಹೊಂದಿಸಿಕೊಂಡು ಬಂದರೆ ಶ್ಯೂರಿಟಿಯವರನ್ನು ಕಟಕಟೆಗೆ ಕರೆಯುತ್ತಾರೆ. ಆರೋಪಿ ನಿಮಗೆ ಏನಾಗಬೇಕು? ಎಷ್ಟು ವರ್ಷದಿಂದ ಗೊತ್ತು? ನಿಮಗೆ ಎಷ್ಟು ಎಕರೆ ಇದೆ? ಇವನು ಬರದಿದ್ದರೆ ದುಡ್ಡು ನೀವು ಕಟ್ಟಬೇಕಾಗುತ್ತದೆ, ಗೊತ್ತಾ? ಬೇರೆ ಯಾರಿಗಾದರೂ ಶ್ಯೂರಿಟಿ ಹಾಕಿದ್ದೀರಾ? ಈ ಕೊನೆಯ ಪ್ರಶ್ನೆ ಸುಮ್ನೆ ಕೇಳೋದಲ್ಲ; ಎಷ್ಟು ಜನಕ್ಕೆ ಶ್ಯೂರಿಟಿ ನಿಂತಿದ್ದೀರಿ ಅಂತ ಘೋಷಣೆ ಕೊಡಬೇಕು ಅನ್ನುವ ನಿಯಮವನ್ನು ದಂಡ ಪ್ರಕ್ರಿಯಾ ಸಂಹಿತೆಯ 2005ರ ತಿದ್ದುಪಡಿಯಲ್ಲಿ ಸೇರಿಸಿದರು.

ಈಗ ಯೋಚನೆ ಮಾಡಿ. ಎರಡೆಕರೆ ಇರುವ ರೈತ ಯಾರೋ ಕೂಲಿಯವನಿಗಾಗಿ ಒಂದು ದಿನದ ಕೆಲಸ ಬಿಟ್ಟು, ಬಸ್ ಹತ್ತಿ ಬಂದು, ತನ್ನ ಪಹಣಿಯನ್ನು ಜಡ್ಜ್ ಮುಂದೆ ಇಡುತ್ತಾನಾ? ಅಣ್ಣ ತಮ್ಮ ಇಡಬಹುದು. ಸೋದರಮಾವ ಇಡಬಹುದು. ಆದರೆ ಕೂಲಿಯವನ ಅಣ್ಣ ತಮ್ಮಂದಿರೂ ಕೂಲಿಯವರೇ ಆಗಿರುತ್ತಾರೆ. ಹೀಗಾಗಿ ಮೊತ್ತ ಹತ್ತು ಸಾವಿರ ಇದ್ದರೂ ಒಂದೇ, ಐವತ್ತು ಸಾವಿರ ಇದ್ದರೂ ಒಂದೇ. ಪಹಣಿ ಇರುವ ಮನುಷ್ಯ ಬೇಕು ಅಂದಮೇಲೆ ಮೊತ್ತವನ್ನು ಐದು ಸಾವಿರಕ್ಕೆ ಇಳಿಸಿದರೂ ಬಾಗಿಲು ಮುಚ್ಚಿಯೇ ಇರುತ್ತದೆ.

ಇಂಥ ಕಡೆ ದಂಧೆ ಹುಟ್ಟದೇ ಇರುತ್ತಾ? ದುಡ್ಡು ತಗೊಂಡು ಯಾರಿಗೆ ಬೇಕಾದರೂ ಶ್ಯೂರಿಟಿ ನಿಲ್ಲುವವರು ಇದ್ದಾರೆ. ನಕಲಿ ಪಹಣಿ, ನಕಲಿ ಆಧಾರ್ ಇಟ್ಟುಕೊಂಡು ಶ್ಯೂರಿಟಿ ಹಾಕುತ್ತಿದ್ದ ಗುಂಪುಗಳನ್ನು ಬೆಂಗಳೂರು ಪೊಲೀಸರು ಹಿಡಿದ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ತಮಾಷೆ ನೋಡಿ, ನಿಜವಾದ ಅಣ್ಣ ಬೇರೆ ಜಿಲ್ಲೆಯವನು ಅಂತ ಬೇಡವಾಗುತ್ತಾನೆ, ಆರೋಪಿಯ ಮುಖವನ್ನೇ ನೋಡದ ಬಾಡಿಗೆ ಶ್ಯೂರಿಟಿ ಕಾಗದ ಸರಿ ಇದೆ ಅಂತ ನಡೆದುಹೋಗುತ್ತಾನೆ. ಆರೋಪಿ ಓಡಿಹೋಗದ ಹಾಗೆ ನೋಡಿಕೊಳ್ಳುವವರು ಇವರಿಬ್ಬರಲ್ಲಿ ಯಾರು?

ಕೋರ್ಟ್ ಮೂರು ಪ್ರಶ್ನೆ ಇಟ್ಟುಕೊಂಡಿತು

ಮೋತಿರಾಮ್ ಕೇಳಿದ್ದು ತನ್ನೊಬ್ಬನ ಬಿಡುಗಡೆ. ಪೀಠ ಅದನ್ನೇ ಹಿಡಿದುಕೊಂಡು ಮೂರು ದೊಡ್ಡ ಪ್ರಶ್ನೆ ಎತ್ತಿತು. ಜಾಮೀನುರಹಿತ ಅಪರಾಧದಲ್ಲಿ, ಅಂದರೆ ಜಾಮೀನು ಹಕ್ಕಾಗಿ ಸಿಗದೆ ಕೋರ್ಟ್ ಮನಸ್ಸು ಮಾಡಿದರೆ ಮಾತ್ರ ಸಿಗುವ ಅಪರಾಧದಲ್ಲಿ, ಒಳಗಿರುವವರನ್ನು, ವಿಚಾರಣಾಧೀನ ಕೈದಿಯೇ ಆಗಲಿ ಶಿಕ್ಷೆಯಾಗಿ ಮೇಲ್ಮನವಿ ಹಾಕಿದವರೇ ಆಗಲಿ, ಶ್ಯೂರಿಟಿ ಇಲ್ಲದೆ ಬರೀ ಸ್ವಂತ ಮುಚ್ಚಳಿಕೆ ಮೇಲೆ ಬಿಡುವ ಅಧಿಕಾರ ಕೋರ್ಟಿಗೆ ಇದೆಯಾ? ಶ್ಯೂರಿಟಿ ಕೇಳುವುದೇ ಆದರೆ ಮೊತ್ತವನ್ನು ಯಾವ ಆಧಾರದ ಮೇಲೆ ಹೇಳಬೇಕು? ಬೇರೆ ಜಿಲ್ಲೆಯವರು, ಬೇರೆ ರಾಜ್ಯದವರು ಅನ್ನುವ ಕಾರಣಕ್ಕೆ ಶ್ಯೂರಿಟಿಯನ್ನು ತಳ್ಳಿಹಾಕಬಹುದಾ?

ಮೊದಲನೆಯದಕ್ಕೆ ಉತ್ತರ: ಇದೆ. ಜಾಮೀನು ಅಂದರೆ ಶ್ಯೂರಿಟಿ ಇರುವ ಬಿಡುಗಡೆಯೂ ಹೌದು, ಶ್ಯೂರಿಟಿ ಇಲ್ಲದ ಬಿಡುಗಡೆಯೂ ಹೌದು. ಎರಡನೆಯದಕ್ಕೆ ಕಾನೂನಿನಲ್ಲೇ ಬರೆದಿತ್ತು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 440ನೇ ಕಲಂ ಪ್ರಕಾರ ಬಾಂಡಿನ ಮೊತ್ತವನ್ನು ಪ್ರಕರಣದ ಪರಿಸ್ಥಿತಿ ನೋಡಿ ನಿಗದಿ ಮಾಡಬೇಕು, ಅದು ವಿಪರೀತ ಇರಬಾರದು. ಇವತ್ತಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಹತ್ತು ಸಾವಿರ ಒಬ್ಬರಿಗೆ ಚಿಲ್ಲರೆ, ಇನ್ನೊಬ್ಬರಿಗೆ ಜೀವಮಾನದ ಸಂಪಾದನೆ. ಹಾಗಾಗಿ ವಿಪರೀತ ಹೌದೋ ಅಲ್ವೋ ಅಂತ ಹೇಳೋಕೆ ಕೊಡುವವನು ಯಾರು ಅಂತ ನೋಡಲೇಬೇಕು. ಒಬ್ಬ ಗಾರೆ ಕೆಲಸದವನಿಗೆ ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದು ಆತ್ಮಸಾಕ್ಷಿಗೆ ಆಘಾತ ತರುವಂಥದ್ದು ಅಂತ ಪೀಠ ಹೇಳಿತು. ನಮ್ಮ ಸಂವಿಧಾನ ಕಟುಕನಿಗೆ, ಬ್ರೆಡ್ ಮಾಡುವವನಿಗೆ, ಜೀತದವನಿಗೆ, ಬೀದಿಬದಿ ಮಲಗುವವನಿಗೆ ಕೂಡ ಇರುವಂಥದ್ದು ಅನ್ನೋದು ಮ್ಯಾಜಿಸ್ಟ್ರೇಟರಿಗೆ ಪೂರ್ತಿ ಹೊಳೆದಿರಲಿಕ್ಕಿಲ್ಲ ಅಂತ ಸ್ವಲ್ಪ ಚುಚ್ಚಿಯೇ ಬರೆಯಿತು.

ಹೊಸ ವಿಚಾರ ಅಂತಲ್ಲ ಇದು. ಗುಜರಾತಿನಲ್ಲಿ ಪಿ.ಎನ್. ಭಗವತಿ ಅವರ ನೇತೃತ್ವದ ಕಾನೂನು ನೆರವು ಸಮಿತಿ 1971ರಲ್ಲೇ ನಮ್ಮ ಜಾಮೀನು ಪದ್ಧತಿ ಬಡವರ ವಿರುದ್ಧ ಇದೆ ಅಂತ ಹೇಳಿತ್ತು. ಅಮೆರಿಕದಲ್ಲಿ 1966ರ ಜಾಮೀನು ಸುಧಾರಣೆ ಕಾಯ್ದೆಗೆ ಸಹಿ ಹಾಕುವಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಇದನ್ನೇ ಹೇಳಿದ್ದರು: ಇಂಥವನು ಒಳಗಿರೋದು ತಪ್ಪು ಮಾಡಿದ ಅಂತಲ್ಲ, ಓಡಿಹೋಗುತ್ತಾನೆ ಅಂತಲೂ ಅಲ್ಲ, ಬಡವ ಅನ್ನುವ ಒಂದೇ ಕಾರಣಕ್ಕೆ. ಕೃಷ್ಣ ಅಯ್ಯರ್ ಎರಡನ್ನೂ ತೀರ್ಪಿನಲ್ಲಿ ಉಲ್ಲೇಖಿಸಿದರು.

ಮೂರನೆಯ ಪ್ರಶ್ನೆಯ ಉತ್ತರ ನಮಗೆ ಹತ್ತಿರದ್ದು. ತನ್ನ ಜಿಲ್ಲೆಯವರೇ ಶ್ಯೂರಿಟಿ ಬೇಕು ಅಂದ ಮ್ಯಾಜಿಸ್ಟ್ರೇಟರ ಮೇಲೆ ಪೀಠಕ್ಕೆ ಜಾಸ್ತಿ ಸಿಟ್ಟು ಬಂದದ್ದು ಇಲ್ಲೇ ಅನ್ನಿಸುತ್ತದೆ. ಒಬ್ಬ ಮಲಯಾಳಿ, ಕನ್ನಡಿಗ, ತಮಿಳ, ತೆಲುಗನನ್ನು ಬಸ್ತರ್‌ನಲ್ಲೋ ಪೋರ್ಟ್‌ಬ್ಲೇರ್‌ನಲ್ಲೋ ಪಹಲ್ಗಾಮ್‌ನಲ್ಲೋ ಚಾಂದನಿ ಚೌಕದಲ್ಲೋ ಯಾವುದೋ ಕಳ್ಳತನದ ಆರೋಪದಲ್ಲಿ ಹಿಡಿದರೆ ಅವನು ಏನು ಮಾಡಬೇಕು, ಅಲ್ಲಿ ಆಸ್ತಿ ಇರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಅಂತ ತೀರ್ಪು ಕೇಳುತ್ತದೆ. ಕೆಲಸ ಹುಡುಕಿಕೊಂಡು ಬಂದಿರಬಹುದು, ಯಾವುದೋ ಮೆರವಣಿಗೆಗೆ ಬಂದಿರಬಹುದು, ಅಲ್ಲಿ ಯಾರೂ ಗೊತ್ತಿರಲಿಕ್ಕಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನುವ 14ನೇ ವಿಧಿ ಜಿಲ್ಲೆ ಜಿಲ್ಲೆಗೆ ಬೇರೆ ಇಲ್ಲ. ಬೇರೆ ರಾಜ್ಯದ ಭಾಷೆಯಲ್ಲಿ ಬರೆದ ಪ್ರಮಾಣಪತ್ರ ಅನ್ನುವ ಕಾರಣಕ್ಕೆ ತಳ್ಳಿಹಾಕುವ ಹಾಗಿಲ್ಲ ಅಂತಲೂ ಹೇಳಿದರು.

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ, ಗೋವಾಕ್ಕೆ, ಮುಂಬೈಗೆ ಗಾರೆ ಕೆಲಸಕ್ಕೆ ಹೋಗಿರುವವರನ್ನು ನೆನಪು ಮಾಡಿಕೊಳ್ಳಿ. ಬಡಾವಣೆಯ ಪಕ್ಕ ಶೀಟ್ ಮನೆ ಹಾಕಿಕೊಂಡು, ಒಂದು ಕಟ್ಟಡ ಮುಗಿದರೆ ಇನ್ನೊಂದು ಕಟ್ಟಡಕ್ಕೆ ಹೋಗುವವರು. ಬಾಡಿಗೆ ಕರಾರು ಇಲ್ಲ, ವಿದ್ಯುತ್ ಬಿಲ್ ಇಲ್ಲ. ಊರಲ್ಲಿ ಚಿಕ್ಕಪ್ಪನ ಹೆಸರಿನಲ್ಲಿ ಒಂದೆರಡು ಎಕರೆ ಇದ್ದರೂ ಅದು ಐನೂರು ಕಿಲೋಮೀಟರ್ ದೂರ. 'ಲೋಕಲ್ ಶ್ಯೂರಿಟಿ' ಅನ್ನುವ ಎರಡು ಪದ ಆದೇಶದಲ್ಲಿ ಸೇರಿತು ಅಂದರೆ ಇವರ ಪಾಲಿಗೆ ಜಾಮೀನು ಸಿಕ್ಕರೂ ಸಿಗದ ಹಾಗೆಯೇ.

ಕೊನೆಗೆ ಪೀಠ ಕೊಟ್ಟ ಆದೇಶ ಬಹಳ ಚಿಕ್ಕದು. ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆ ಬರೆಸಿಕೊಂಡು ಬಿಡಿ. ಶ್ಯೂರಿಟಿ ಬೇಡ. ಅವರು ಕೇಳಿದ್ದು ಎರಡು ಸಾವಿರಕ್ಕೆ ಇಳಿಸಿ ಅಂತ. ಕೋರ್ಟ್ ಅದರ ಅರ್ಧಕ್ಕೆ ಇಳಿಸಿ, ಇನ್ನೊಬ್ಬರ ಆಸ್ತಿಯ ಮಾತನ್ನೇ ತೆಗೆದುಹಾಕಿತು. ನನ್ನ ಪ್ರಕಾರ ಈ ಪ್ರಕರಣದ ನಿಜವಾದ ತಿರುಳು ಇದೇ. ಬರೀ ಒಂಬತ್ತು ಸಾವಿರ ಕಡಿಮೆ ಮಾಡಿ 'ಸಾವಿರದ ಶ್ಯೂರಿಟಿ ತನ್ನಿ, ಆದರೆ ನಿಮ್ಮ ಜಿಲ್ಲೆಯವರೇ ಆಗಬೇಕು' ಅಂದಿದ್ದರೆ ಅವರು ಬಹುಶಃ ಮೂರನೇ ಸಲವೂ ದಿಲ್ಲಿಗೆ ಅರ್ಜಿ ಹಾಕಬೇಕಾಗುತ್ತಿತ್ತು.

ಒಂದು ತಕರಾರು ಮಾತ್ರ ನನಗಿದೆ. ಎಲ್ಲ ತಪ್ಪನ್ನೂ ಮ್ಯಾಜಿಸ್ಟ್ರೇಟರ ತಲೆಗೆ ಕಟ್ಟಿದ್ದು ಪೂರ್ತಿ ಸರಿಯಲ್ಲ. ಮೊದಲ ಸಲ ಜಾಮೀನು ಕೊಡುವಾಗ ಸುಪ್ರೀಂ ಕೋರ್ಟ್ ತಾನೇ ಮೊತ್ತ ಬರೆದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಮೇಲಿನ ಕೋರ್ಟ್ ಆದೇಶ ಕೊಟ್ಟು ಕೈತೊಳೆದುಕೊಳ್ಳುತ್ತದೆ, ನಾಳೆ ಆರೋಪಿ ಓಡಿಹೋದರೆ ಮಾತು ಕೇಳಬೇಕಾದವರು ಕೆಳಗಿನ ಮ್ಯಾಜಿಸ್ಟ್ರೇಟ್. ಹಾಗಿರುವಾಗ ಅವರು ಒಂದು ಕೈ ಜಾಸ್ತಿಯೇ ಕೇಳುತ್ತಾರೆ. ಇವತ್ತಿಗೂ ಹಾಗೇ.

ಹಾಗಾದರೆ ಶ್ರೀಮಂತರಿಗೆ ಜಾಸ್ತಿ ಹಾಕಿದರೆ?

ಗಾರೆ ಕೆಲಸದವರಿಗೆ ಕಡಿಮೆ ಅಂದಮೇಲೆ ಕೋಟ್ಯಧೀಶರಿಗೆ ಜಾಸ್ತಿ ಅನ್ನೋದು ಸಹಜವಾಗಿ ಬರುವ ಮಾತು. ಕೇಳೋಕೆ ನ್ಯಾಯ ಅನ್ನಿಸುತ್ತದೆ. ಆದರೆ ಇದರಲ್ಲೂ ಎಡವುವ ಜಾಗ ಇದೆ. ಸಹಾರಾ ಸಮೂಹದ ಸುಬ್ರತಾ ರಾಯ್ ಅವರನ್ನು 2014ರ ಮಾರ್ಚ್ 4ರಂದು ತಿಹಾರ್ ಜೈಲಿಗೆ ಕಳಿಸಿದರು. ಅದೇ ತಿಂಗಳ 26ಕ್ಕೆ ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನಿಗೆ ಹೇಳಿದ ಮೊತ್ತ 10,000 ಕೋಟಿ ರೂಪಾಯಿ: 5,000 ಕೋಟಿ ಠೇವಣಿ, ಇನ್ನು 5,000 ಕೋಟಿಗೆ ಬ್ಯಾಂಕ್ ಗ್ಯಾರಂಟಿ. ದುಡ್ಡು ಹೊಂದಿಸೋಕೆ ನ್ಯೂಯಾರ್ಕ್, ಲಂಡನ್ ಹೋಟೆಲ್‌ಗಳನ್ನು ಮಾರುವ ಮಾತುಕತೆಯನ್ನು ಜೈಲಿನ ಸಭಾಕೊಠಡಿಯಿಂದಲೇ ನಡೆಸಲು ಕೋರ್ಟ್ ಅವಕಾಶ ಕೊಟ್ಟಿತು. ಆದರೂ ಅವರು ಹೊರಗೆ ಬಂದದ್ದು 2016ರ ಮೇ ತಿಂಗಳಲ್ಲಿ, ತಾಯಿ ತೀರಿಕೊಂಡಾಗ ಸಿಕ್ಕ ಪೆರೋಲ್ ಮೇಲೆ.

ಅಲ್ಲಿ ಕೋರ್ಟಿನ ಗಮನ ಇದ್ದದ್ದು ಅವರು ಓಡಿಹೋಗುತ್ತಾರೆ ಅನ್ನೋದರ ಮೇಲೆ ಅಲ್ಲ, ಹೂಡಿಕೆದಾರರ ದುಡ್ಡು ವಾಪಸ್ ಬರಬೇಕು ಅನ್ನೋದರ ಮೇಲೆ. ಅದು ಕೋರ್ಟಿನ ಆದೇಶ ಪಾಲಿಸದ ಪ್ರಕರಣ, ಮಾಮೂಲಿ ಜಾಮೀನಿನ ಜೊತೆ ಹೋಲಿಸೋಕೆ ಬರಲ್ಲ ಅಂತ ಯಾರಾದರೂ ಅಂದರೆ ಒಪ್ಪುತ್ತೇನೆ. ನಾನು ಹೇಳೋದು ಬೇರೆ. ಮೊತ್ತವನ್ನು ಸಂಪತ್ತಿಗೆ ಕಟ್ಟಿದ ಕೂಡಲೇ ಜಾಮೀನು ಅನ್ನೋದು ವಸೂಲಿಯ ಕಡೆಗೆ, ಇಲ್ಲವಾದರೆ ವಿಚಾರಣೆಗೆ ಮುಂಚಿನ ದಂಡದ ಕಡೆಗೆ ಜಾರುವ ಅಪಾಯ ಇದೆ. ಮೋತಿರಾಮ್ ತೀರ್ಪಿನಲ್ಲಿ ಕೋಟ್ಯಧೀಶನ ಹೆಸರು ಬರೋದು ಬಡವನ ಕಷ್ಟ ತೋರಿಸೋಕೆ. ಅವನ ಹತ್ತಿರ ಕೋಟಿ ಇದೆ, ಕೋಟಿ ಕೇಳಿ ಅಂತ ಅಲ್ಲಿ ಎಲ್ಲೂ ಹೇಳಿಲ್ಲ.

ಶ್ರೀಮಂತ ಆರೋಪಿಯನ್ನು ಹಿಡಿದಿಡೋಕೆ ದುಡ್ಡಿಗಿಂತ ಬೇರೆ ದಾರಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ವಿಜಯ್ ಮಲ್ಯ ಅವರನ್ನು 2017ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಬಂಧಿಸಿದಾಗ ಅದೇ ದಿನ 6.5 ಲಕ್ಷ ಪೌಂಡ್ ಜಾಮೀನಿನ ಮೇಲೆ ಬಿಟ್ಟರು, ಆದರೆ ಜೊತೆಗೆ ಪಾಸ್‌ಪೋರ್ಟ್ ಒಪ್ಪಿಸು ಅಂದರು. ನನ್ನನ್ನು ಕೇಳಿದರೆ ಆ ಆದೇಶದಲ್ಲಿ ಭಾರ ಇರೋದು ಪಾಸ್‌ಪೋರ್ಟಿಗೆ. ಸಾವಿರಾರು ಕೋಟಿ ವ್ಯವಹಾರ ಮಾಡಿದವರಿಗೆ ಬಾಂಡ್ ಹೋದರೆ ಹೋಗಲಿ ಅನ್ನೋದು ಒಂದು ಖರ್ಚಿನ ಲೆಕ್ಕ ಅಷ್ಟೇ.

ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲ ಅಂತಿಲ್ಲ. ಒಂದೇ ಕೇಸಿನ ಇಬ್ಬರು ಆರೋಪಿಗಳಿಗೆ ಒಬ್ಬನಿಗೆ ಸಾವಿರ, ಇನ್ನೊಬ್ಬನಿಗೆ ಐದು ಲಕ್ಷ ಅಂದರೆ ಅದು ಹೇಗೆ ಸಮಾನತೆ ಅಂತ ಕೇಳುತ್ತಾರೆ. ಇದಕ್ಕೆ ಉತ್ತರ ಸುಲಭ: ಇಬ್ಬರಿಗೂ ಒಂದೇ ಮೊತ್ತ ಹಾಕಿದರೆ ಒಬ್ಬ ಸಂಜೆಗೆ ಮನೆಯಲ್ಲಿ, ಇನ್ನೊಬ್ಬ ಆರು ತಿಂಗಳಾದರೂ ಜೈಲಿನಲ್ಲಿ. ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆರೋಪಿಯ ಹತ್ತಿರ ಎಷ್ಟಿದೆ ಅಂತ ಮ್ಯಾಜಿಸ್ಟ್ರೇಟರಿಗೆ ಗೊತ್ತಾಗೋದು ಹೇಗೆ? ದಿನಕ್ಕೆ ನೂರಾರು ಕೇಸ್ ನೋಡುವ ಕೋರ್ಟ್ ಅದು. ಕೂಲಿಯವರಿಗೆ ಸಂಬಳದ ಚೀಟಿ ಇಲ್ಲ. ಬಿಪಿಎಲ್ ಕಾರ್ಡ್ ನೋಡೋಣ ಅಂದರೆ ಕಾರು ಇರುವವರ ಹತ್ತಿರವೂ ಅದು ಇರುವ ಕಾಲ. ಆಸ್ತಿಯನ್ನೆಲ್ಲ ಹೆಂಡತಿ, ಡ್ರೈವರ್, ಭಾವಮೈದುನನ ಹೆಸರಿನಲ್ಲಿ ಇಟ್ಟ ಮನುಷ್ಯ ಕೋರ್ಟಿನಲ್ಲಿ ಕೈಕಟ್ಟಿ ನಿಂತು ನಾನೂ ಬಡವ ಅಂದರೆ? ಸಂಪತ್ತಿನ ಪ್ರಕಾರ ಪಟ್ಟಿ ಮಾಡಿ ಇಷ್ಟು ಆದಾಯಕ್ಕೆ ಇಷ್ಟು ಜಾಮೀನು ಅಂತ ಕೋಷ್ಟಕ ಹಾಕೋಣ ಅನ್ನುವವರಿಗೆ ನಾನು ಬೇಡ ಅನ್ನೋದು ಇದೇ ಕಾರಣಕ್ಕೆ. ಕೋಷ್ಟಕ ಬಂದರೆ ಸುಳ್ಳು ಕಾಗದವೂ ಹಿಂದೆಯೇ ಬರುತ್ತದೆ.

ಬಡವರ ವಿಷಯದಲ್ಲಿ ಈ ಕಷ್ಟ ಅಷ್ಟಿಲ್ಲ. ಸಾಕ್ಷಿ ಅಲ್ಲೇ ಇರುತ್ತದೆ. ಜಾಮೀನು ಆದೇಶ ಆಗಿ ಒಂದು ವಾರವಾದರೂ ಮನುಷ್ಯ ಒಳಗೇ ಇದ್ದಾನೆ ಅಂದರೆ ಅದಕ್ಕಿಂತ ದೊಡ್ಡ ಬಡತನದ ಪ್ರಮಾಣಪತ್ರ ಯಾವುದು ಬೇಕು? ಬೇಕಂತ ಜೈಲಿನಲ್ಲಿ ಕೂರುವವರು ಯಾರೂ ಇಲ್ಲ.

ಆಮೇಲೆ ಏನಾಯಿತು

ಮೋತಿರಾಮ್ ತೀರ್ಪು ಬಂದ ಮರುವರ್ಷವೇ, 1979ರಲ್ಲಿ, ಬಿಹಾರದ ಜೈಲುಗಳ ಹುಸೈನಾರಾ ಖಾತೂನ್ ಪ್ರಕರಣ ಬಂತು. ತಮ್ಮ ಮೇಲಿದ್ದ ಆರೋಪಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತ ಜಾಸ್ತಿ ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿ ಸಿಕ್ಕರು. ಆಗ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಭಗವತಿ ಅವರು, ಆರೋಪಿ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದಾನೆ, ಕೆಲಸ ಏನು, ಮನೆಯವರು ಯಾರು, ಹಿಂದೆ ಜಾಮೀನು ಸಿಕ್ಕಾಗ ಸರಿಯಾಗಿ ಬಂದಿದ್ದನಾ ಅನ್ನೋದನ್ನೆಲ್ಲ ನೋಡಿ, ಬೇರು ಇದೆ ಅನ್ನಿಸಿದರೆ ಸ್ವಂತ ಮುಚ್ಚಳಿಕೆ ಮೇಲೆ ಬಿಡಿ ಅಂದರು.

ಕಾನೂನು ಬದಲಾಗೋಕೆ ಇನ್ನೂ 26 ವರ್ಷ ಹಿಡಿಯಿತು. 2005ರ ತಿದ್ದುಪಡಿಯಲ್ಲಿ, ಜಾಮೀನು ಹಕ್ಕಾಗಿ ಸಿಗುವ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಶ್ಯೂರಿಟಿ ಕೊಡಲಾಗದವರನ್ನು ಬಡವರು ಅಂತಲೇ ತಿಳಿದು ಶ್ಯೂರಿಟಿ ಇಲ್ಲದೆ ಬಿಡಬೇಕು ಅಂತ ಸೇರಿಸಿದರು. ಈಗಿನ ಸಂಹಿತೆಯ 478ನೇ ಕಲಮಿನಲ್ಲೂ ಅದು ಇದೆ. ಒಳ್ಳೆಯ ನಿಯಮ. ಆದರೆ ಅದು ಸಣ್ಣಪುಟ್ಟ ಅಪರಾಧಗಳಿಗೆ ಮಾತ್ರ. ಮೋತಿರಾಮ್ ಅಂಥವರಿಗೆ, ಅಂದರೆ ಜಾಮೀನುರಹಿತ ಅಪರಾಧದಲ್ಲಿ ಕೋರ್ಟೇ ಜಾಮೀನು ಕೊಟ್ಟರೂ ಶ್ಯೂರಿಟಿ ಸಿಗದೆ ಉಳಿದವರಿಗೆ, ಆ ಒಂದು ವಾರದ ನಿಯಮ ಅನ್ವಯಿಸುವುದಿಲ್ಲ. ಅವರಿಗಾಗಿಯೇ ಶುರುವಾದ ಚರ್ಚೆಯಲ್ಲಿ ಅವರೇ ಹೊರಗೆ ಉಳಿದರು.

ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲಿಗೆ ಕಳಿಸಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಟ್ಟಿಲ್ಲ ಅಂದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಬಿಡುಗಡೆ ತಡವಾಗಲು ಲೋಕಲ್ ಶ್ಯೂರಿಟಿ ಹಟ ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕದೇ ಇರಬಹುದು ಅಂತಲೂ ಇದೆ. 1978ರಲ್ಲಿ ಅಷ್ಟು ಸಿಟ್ಟಿನಿಂದ ಹೇಳಿದ್ದನ್ನು 45 ವರ್ಷದ ಮೇಲೆ ಇಷ್ಟು ಮೆತ್ತಗೆ ಮತ್ತೆ ಹೇಳಬೇಕಾಗಿ ಬಂತು ಅಂದರೆ ನಡುವೆ ಏನೂ ಬದಲಾಗಿರಲಿಲ್ಲ ಅಂತ ತಾನೇ ಅರ್ಥ? 2022ರ ಕೊನೆಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಇವರೆಲ್ಲ ಶ್ಯೂರಿಟಿ ಇಲ್ಲದೆ ಉಳಿದವರಲ್ಲ, ಬಹಳ ಜನಕ್ಕೆ ಜಾಮೀನೇ ಸಿಕ್ಕಿರುವುದಿಲ್ಲ. ಅದನ್ನು ಇದನ್ನು ಬೆರೆಸಬಾರದು.

2024ರ ಆಗಸ್ಟ್‌ನ ಗಿರೀಶ್ ಗಾಂಧಿ ಪ್ರಕರಣ ಇನ್ನೊಂದು ಮುಖ ತೋರಿಸಿತು. ಆರೋಪಿಯ ಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ 13 ಎಫ್‌ಐಆರ್. ಎಲ್ಲದರಲ್ಲೂ ಜಾಮೀನು ಸಿಕ್ಕಿದೆ. ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಶ್ಯೂರಿಟಿ ತರೋಕೆ ಆಗಿಲ್ಲ. ಗವಾಯಿ ಮತ್ತು ವಿಶ್ವನಾಥನ್ ಅವರ ಪೀಠ ಅದೇ ಶ್ಯೂರಿಟಿಗಳು ಹಲವು ಕೇಸಿಗೆ ನಿಲ್ಲಬಹುದು ಅಂದಿತು. ಶ್ಯೂರಿಟಿ ನಿಲ್ಲುವವರು ಸಾಮಾನ್ಯವಾಗಿ ಹತ್ತಿರದ ನೆಂಟರು, ಹಳೆಯ ಸ್ನೇಹಿತರು. ಕ್ರಿಮಿನಲ್ ಕೇಸ್ ಅಂದ ಕೂಡಲೇ ಆ ಬಳಗವೂ ಚಿಕ್ಕದಾಗುತ್ತದೆ ಅಂತ ತೀರ್ಪಿನಲ್ಲಿ ಬರೆದಿದ್ದಾರೆ. ಕೋರ್ಟ್ ಮೆಟ್ಟಿಲು ಹತ್ತಿದ ಯಾವ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರದ ಕಡೆಯಿಂದ 2023ರಲ್ಲಿ ಬಡ ಕೈದಿಗಳಿಗೆ ನೆರವಿನ ಯೋಜನೆ ಬಂತು. ಜಾಮೀನಿಗೆ ದುಡ್ಡು ಹೊಂದಿಸಲಾಗದ ವಿಚಾರಣಾಧೀನರ ಪರವಾಗಿ 40,000 ರೂಪಾಯಿ ತನಕ, ದಂಡ ಕಟ್ಟಲಾಗದೆ ಒಳಗಿರುವ ಶಿಕ್ಷಿತರ ಪರವಾಗಿ 25,000 ತನಕ ಸರ್ಕಾರ ಕೋರ್ಟಿಗೆ ಕಟ್ಟುತ್ತದೆ ಅಂತ ಆಗ ಹೇಳಿದ್ದರು. ಬಿಡುಗಡೆ ಆಗುವವರಿಗೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುತ್ತು ನೋಡಿ: ಕಾನೂನು ಪ್ರಕಾರ ಶ್ಯೂರಿಟಿ ಇಲ್ಲದೆ ಬಿಡಬಹುದಾದ ಮನುಷ್ಯನಿಗೆ ಕೊಡಲಾಗದಷ್ಟು ಮೊತ್ತ ಹೇಳಿ, ಆಮೇಲೆ ಆ ಮೊತ್ತವನ್ನು ಖಜಾನೆಯಿಂದ ತೆಗೆದು ಕೋರ್ಟಿನಲ್ಲಿ ಠೇವಣಿ ಇಡೋದು. ಅವನು ಓಡಿಹೋದರೆ ನಷ್ಟ ಸರ್ಕಾರದ್ದೇ, ಅವನದ್ದಲ್ಲ. ಹಾಗಾದರೆ ಆ ನಲವತ್ತು ಸಾವಿರ ಯಾರನ್ನು ಹೆದರಿಸೋಕೆ ಅಲ್ಲಿ ಕೂತಿದೆ? ದುಡ್ಡೇ ಬೇಡವಾಗಿತ್ತು ಅಂತ ಯೋಜನೆ ತಾನೇ ಒಪ್ಪಿಕೊಂಡ ಹಾಗಿದೆ.

ಹಾಗಾಗಿ ನನ್ನ ನಿಲುವು ಹೀಗೆ: ಮೊತ್ತ ಹೇಳುವಾಗ ಜೇಬು ನೋಡಲೇಬೇಕು, ಆದರೆ ನೋಡಬೇಕಾದದ್ದು ಕೆಳಗಡೆ, ಮೇಲುಗಡೆ ಅಲ್ಲ. ಕೊಡಲಾಗದವನಿಗೆ ಮೊತ್ತ ಇಳಿಸಿ, ಅದಕ್ಕೂ ಮುಂಚೆ ಪಹಣಿ ಇರುವ ಶ್ಯೂರಿಟಿ ಯಾಕೆ ಬೇಕು ಅಂತ ಕಾರಣ ಬರೆಯಿರಿ. ಕೊಡಬಲ್ಲವನಿಗೆ ಮೊತ್ತ ಏರಿಸೋದಕ್ಕಿಂತ ಪಾಸ್‌ಪೋರ್ಟ್, ಠಾಣೆಗೆ ಹಾಜರಿ, ಸಾಕ್ಷಿಗಳ ಹತ್ತಿರ ಹೋಗದ ಷರತ್ತು ಗಟ್ಟಿ ಮಾಡಿ. ಒಂದು ವಾರದ ನಿಯಮವನ್ನು ಜಾಮೀನು ಆದೇಶ ಆದ ಎಲ್ಲ ಕೇಸಿಗೂ ಹಿಗ್ಗಿಸಿ. ತಿಂಗಳು ಕಾಯೋದು, ಅದರ ಮೇಲೂ ಕೋರ್ಟ್ 'ಯೋಚಿಸಬಹುದು' ಅನ್ನೋದು ಬಹಳ ದೂರದ ದಾರಿ.

ಅಲ್ಲಿವರೆಗೆ, ನಿಮ್ಮ ಮನೆ ಕೆಲಸಕ್ಕೆ ಬರುವವರ ಮಗನೋ ಸೈಟಿನ ಹುಡುಗನೋ ಹೀಗೆ ಸಿಕ್ಕಿಕೊಂಡಿದ್ದರೆ ಬಾಡಿಗೆ ಶ್ಯೂರಿಟಿ ಹುಡುಕಲು ಹೋಗಬೇಡಿ, ನಕಲಿ ಕಾಗದ ಸಿಕ್ಕಿಬಿದ್ದರೆ ಇನ್ನೊಂದು ಕೇಸ್ ಆಗುತ್ತದೆ. ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಯ ಕಚೇರಿಗೆ ಹೋಗಿ, ವಕೀಲರ ಫೀಸ್ ಇಲ್ಲ. ಷರತ್ತು ಸಡಿಲಿಸಿ ಅಂತ ಹಾಕುವ ಅರ್ಜಿಯಲ್ಲಿ 'ಅರ್ಜಿದಾರ ಬಡವ' ಅಂತ ಒಂದು ಸಾಲು ಬರೆದು ಬಿಡಬೇಡಿ. ದಿನಗೂಲಿ ಎಷ್ಟು, ತಿಂಗಳಿಗೆ ಎಷ್ಟು ದಿನ ಕೆಲಸ ಸಿಗುತ್ತದೆ, ಮನೆಯಲ್ಲಿ ಎಷ್ಟು ಜನ, ಮಕ್ಕಳು ಯಾವ ಶಾಲೆಯಲ್ಲಿದ್ದಾರೆ, ಯಾವ ಮೇಸ್ತ್ರಿ ಹತ್ತಿರ ಎಷ್ಟು ವರ್ಷದಿಂದ ಇದ್ದಾನೆ, ಜಾಮೀನು ಆದೇಶ ಆಗಿ ಎಷ್ಟು ದಿನ ಆಯಿತು ಅನ್ನೋದನ್ನು ಬಿಡಿಬಿಡಿಯಾಗಿ ಬರೆಸಿ. ಊರಿನ ಅಣ್ಣನ ಪಹಣಿ ಇದ್ದರೆ ಬೇರೆ ಜಿಲ್ಲೆಯದಾದರೂ ಅದನ್ನೇ ಲಗತ್ತಿಸಿ, ಜೊತೆಗೆ ಮೋತಿರಾಮ್ ತೀರ್ಪಿನ ಪ್ರತಿಯನ್ನೂ ಇಡಿ.